ನಡುವೆ ನಿಂತ ಪಿಟೀಲು

ಸಿನಿಮಾ ಸಂಗೀತವೆಂದರೆ ಎಲ್ಲರೂ ಹಾಡುಗಳ ಪಟ್ಟಿ ಕೊಡುತ್ತಾರೆ. ನನಗೆ ನೆನಪಿರುವುದು ಹಾಡಲ್ಲ, ಮಾತಿನ ಹಿಂದೆ ಸದ್ದಿಲ್ಲದೆ ಬಂದು ಹೋಗುವ ವಾದ್ಯಗಳು. ಅದಕ್ಕೆ ಕಾರಣ ನನ್ನ ರಸಿಕತೆಯೇನಲ್ಲ, ಅಪ್ಪಯ್ಯನ ಹಟ. ಹೆಣ್ಣುಮಕ್ಕಳು ಸಿನಿಮಾ ಟೆಂಟಿಗೆ ಕಾಲಿಡಕೂಡದೆಂದು ಅವರು ಕಟ್ಟುನಿಟ್ಟು ಮಾಡಿದ್ದರು. ಹಟದಲ್ಲಿ ನಾನೂ ಅವರ ಮಗಳೇ.

ಐವತ್ತರ ದಶಕದ ಕೊನೆ. ನಾನು ಸೊರಬದಲ್ಲಿ ಹೈಸ್ಕೂಲು ಓದುತ್ತಿದ್ದೆ. ಆ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಟೂರಿಂಗ್ ಟಾಕೀಸಿನವರು ನಮ್ಮ ಹಿತ್ತಿಲ ಬೇಲಿಯಾಚೆಯ ಗದ್ದೆಯಲ್ಲೇ ಟೆಂಟು ಹೊಡೆದರು. ಅಪ್ಪಯ್ಯ ಒಳಗೆ ಹೋಗಬೇಡ ಎಂದಿದ್ದರೇ ಹೊರತು ಕಿವಿ ಮುಚ್ಚಿಕೋ ಎಂದಿರಲಿಲ್ಲ. ಸಂಜೆಯ ಮೊದಲ ಆಟ ಶುರುವಾಗುತ್ತಲೇ ಪಾತ್ರೆಗಳನ್ನೆಲ್ಲ ಹೊತ್ತು ಹಿತ್ತಿಲಿಗೆ ಹೋಗುತ್ತಿದ್ದೆ. ನಮ್ಮನೆಯ ಪಾತ್ರೆಗಳು ಅಷ್ಟು ಫಳಫಳ ಹೊಳೆದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ಒಂದೇ ಚಿತ್ರ ಹತ್ತು ದಿನ ಓಡಿತು. ನೋಡಿ ಬಂದ ಗೆಳತಿಯರಿಂದ ಕಥೆ ಕೇಳಿಕೊಂಡು, ಮೂರನೇ ದಿನಕ್ಕೇ ವಾದ್ಯ ಕೇಳಿ ತೆರೆಯ ಮೇಲೆ ಯಾರು ಬಂದರೆಂದು ಹೇಳಬಲ್ಲವಳಾದೆ. ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿ ಬಾಗಿಲು ಹಾಕಿಕೊಳ್ಳುವಾಗ ಒಂದು ಪಿಟೀಲು ಬರುತ್ತಿತ್ತು. ಮೇಲೇರುತ್ತ ಹೋಗಿ, ತುದಿ ಮುಟ್ಟುವ ಮೊದಲೇ ಥಟ್ಟನೆ ನಿಲ್ಲುತ್ತಿತ್ತು. ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ತಗ್ಗಿದ ಸ್ವರದಲ್ಲಿ ಮತ್ತೆ ಶುರು. ಆ ಏನೂ ಇಲ್ಲದ ಕಡೆ ನನಗೆ ದಿನವೂ ಅಳು ಬರುತ್ತಿತ್ತು.

ನಮ್ಮ ಶಾಲೆಯ ನಾಟಕದಲ್ಲೂ ಅಂಥದೇ ಒಂದು ದೃಶ್ಯವಿತ್ತು. ಹಾರ್ಮೋನಿಯಂ ನುಡಿಸುವವಳು ನಾನು. ಸಂಗೀತದ ಮೇಷ್ಟ್ರಿಗೆ ಆ ಪಿಟೀಲನ್ನು ಕೇಳಿದಂತೆಯೇ ನುಡಿಸಿ ತೋರಿಸಿದೆ.

"ನಡುವೆ ಎಂತಕ್ಕೆ ನಿಲ್ಲಿಸ್ತೀಯೆ? ಮರ್ತು ಹೋಯ್ತಾ?"

"ಇಲ್ಲ ಸಾರ್, ಸಿನಿಮಾದಲ್ಲಿ ಹಂಗೇ ಇದೆ."

"ಹಿಂಗೆ ತಾಳಗೆಟ್ಟ ಸಂಗೀತ ಯಾರೂ ಮಾಡಲ್ಲ ಮಾರಾಯ್ತಿ."

"ಹಂಗಿಲ್ದಿದ್ರೆ ನಾನು ಇನ್ನು ಪೆಟ್ಟಿಗೆ ಮುಟ್ಟಲ್ಲ," ಎಂದುಬಿಟ್ಟೆ. ಪೆಟ್ಟಿಗೆಯೆಂದರೆ ಹಾರ್ಮೋನಿಯಂ. ಅದನ್ನು ಬಿಟ್ಟರೆ ಶಾಲೆಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ.

ಶನಿವಾರ ಶಿಕಾರಿಪುರದ ಅಕ್ಕನ ಮನೆಗೆ ಹೋದೆ. ಅಲ್ಲಿಯ ಟೆಂಟಿನಲ್ಲೂ ಅದೇ ಚಿತ್ರ, ಬೇರೆ ಪ್ರಿಂಟು. "ಬಾರವ್ವ, ನಿಮ್ಮಪ್ಪಗೆ ನಾ ಹೇಳ್ತೀನಿ," ಎಂದು ಭಾವ ನನ್ನನ್ನು ಕರೆದುಕೊಂಡು ಹೋದರು. ತಾಯಿ ಬಾಗಿಲಿಗೆ ಕೈಹಾಕಿದಳು. ಪಿಟೀಲು ಏರಿತು, ಏರಿತು, ನಿಲ್ಲಲೇ ಇಲ್ಲ. ತುದಿ ಮುಟ್ಟಿ, ಇನ್ನಷ್ಟು ಪಿಟೀಲುಗಳನ್ನು ಸೇರಿಸಿಕೊಂಡು ಗೋಳಾಡಿತು. ಆಟ ಮುಗಿದ ಮೇಲೆ ಭಾವ ಆಪರೇಟರನ್ನು ವಿಚಾರಿಸಿದರು. ಹಳೆಯ ರೀಲಿನ ಅಂಚಿನಲ್ಲಿ ಶಬ್ದದ ಗೆರೆ ಅಳಿಸಿಹೋಗಿದ್ದರೆ ಚಿತ್ರ ಓಡುತ್ತದೆ, ಸದ್ದು ಮಾತ್ರ ಇರುವುದಿಲ್ಲವಂತೆ. ಹತ್ತು ದಿನ ನಾನು ಅತ್ತದ್ದು ಸವೆದ ರೀಲಿಗೆ!

ಮೈಯೆಲ್ಲ ನಾಚಿಕೆಯಾಯಿತು. ಆದರೆ ಸೊರಬದ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಇನ್ನೊಂದು ವಿಷಯ ಹೊಳೆಯಿತು. ಪೂರ್ತಿ ಸಂಗೀತ ಕೇಳಿದಾಗ ನನಗೆ ಅಳು ಬಂದಿರಲಿಲ್ಲ. ಅತ್ತು ತೋರಿಸುವ ಕೆಲಸವನ್ನು ಪಿಟೀಲುಗಳೇ ಮಾಡಿ ಮುಗಿಸಿದ್ದವು, ನನಗೇನೂ ಉಳಿಸಿರಲಿಲ್ಲ.

ಸೋಮವಾರ ಮೇಷ್ಟ್ರ ಮುಂದೆ ನಿಂತೆ. "ನಾನು ಹೇಳಿದ್ದು ತಪ್ಪು ಸಾರ್. ಸಿನಿಮಾದಲ್ಲಿ ಅದು ನಿಲ್ಲಲ್ಲ. ಆದ್ರೆ ನುಡಿಸೋದಾದ್ರೆ ನಾನು ನಿಲ್ಲಿಸೇ ನುಡಿಸ್ತೀನಿ. ಬೇಡ ಅಂದ್ರೆ ಆಡಿದ ಮಾತಿನಂಗೆ ಪೆಟ್ಟಿಗೆ ಮುಟ್ಟಲ್ಲ."

"ಸೋತು ಬಂದು ಷರತ್ತು ಬೇರೆ ಹಾಕ್ತೀಯಲ್ಲೇ!" ಅವರು ನನ್ನನ್ನೇ ದಿಟ್ಟಿಸಿದರು. "ನುಡಿಸು. ಜನ ನಕ್ಕರೆ ಮಾತ್ರ ಪೆಟ್ಟಿಗೆ ಮುಚ್ಚಿಟ್ಟು ಮನೆಗೆ ಹೋಗ್ಬೇಕು, ತಿಳೀತಾ?"

ನಾಟಕದ ಮಧ್ಯಾಹ್ನ ಮೇಷ್ಟ್ರು ನನ್ನ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾಯಿಯ ಪಾತ್ರದ ಹುಡುಗಿ ಬಾಗಿಲಿಗೆ ಕೈಹಾಕಿದಳು. ಸ್ವರ ಏರಿಸುತ್ತ ಹೋಗಿ ಬೆರಳೆತ್ತಿದೆ. ಒಂದು, ಎರಡು. ಯಾರೂ ನಗಲಿಲ್ಲ. ಮೂರು. ಕೆಮ್ಮೂ ಕೇಳಲಿಲ್ಲ. ಓರೆಗಣ್ಣಿನಿಂದ ನೋಡಿದರೆ ಮೇಷ್ಟ್ರ ಕೈ ತೊಡೆಗೆ ಇಳಿಯದೆ ಎತ್ತಿದಲ್ಲೇ ನಿಂತಿತ್ತು.

ನಾಲ್ಕಕ್ಕೆ ಶುರು ಮಾಡಬೇಕಿತ್ತು. ನಾನು ಇನ್ನೂ ಒಂದು ಎಣಿಸಿದೆ.