ಟೀಚರಮ್ಮನ ತಕ್ಕಡಿ

ಜಗಳೂರಿನ ನಮ್ಮ ಓಣಿಯ ಅಂಗನವಾಡಿ ಟೀಚರಮ್ಮ ಮಕ್ಕಳನ್ನು ತೂಗುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. “ತಕ್ಕಡಿಗೆ ಮುಲಾಜಿಲ್ಲವ್ವ” ಎನ್ನುವುದು ಅವರ ಮಾತು.

ಒಮ್ಮೆ ನಮ್ಮ ಪಕ್ಕದ ಮನೆಯವಳು ಬಡಕಲು ಮಗನಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಎತ್ತಿಕೊಂಡು ಬಂದಳು. ತೂಕ ಕಡಿಮೆ ಬಂದರೆ ಮಗನ ಜೊತೆ ಹದಿನಾಲ್ಕು ದಿನ ದಾವಣಗೆರೆ ಆಸ್ಪತ್ರೆಯಲ್ಲಿ ಇರಬೇಕಲ್ಲ ಎಂಬ ಭಯ ಅವಳಿಗೆ. ಟೀಚರಮ್ಮ ಮಗುವಿನ ಹೊಟ್ಟೆ ಮುಟ್ಟಿ ನೋಡಿ, ತೂಗದೆ ತೊಡೆಯ ಮೇಲೆ ಕೂರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಸೀರೆ ಒದ್ದೆಯಾಯಿತು.

“ಈಗ ತೂಗಾನ ಬಾರವ್ವ” ಎಂದರು. ತೂಕ ತೀರಾ ಕಡಿಮೆ ಇತ್ತು.

“ಮನ್ಯಾಗೆ ಹೆಣ್ಕೂಸು ಐತ್ರೀ, ಯಾರು ನೋಡ್ಕಂತಾರೆ?” ಎಂದು ಅವಳು ಅತ್ತಳು.

“ನಾನೇನ್ ಸತ್ತೀನೇನೇ?”

ಆಸ್ಪತ್ರೆಯಿಂದ ಬಂದವಳೇ ಅವಳು ಮಗನನ್ನು ಮುಂದೆ ಚಾಚಿ, “ನೀರು ಕುಡಿಸಿಲ್ರೀ, ತೂಗ್ರಿ” ಎಂದಳು. ಹೆಣ್ಣುಕೂಸನ್ನು ಕಂಕುಳಿಂದ ಇಳಿಸಿ, ಟೀಚರಮ್ಮ ಅಂಗೈ ಉಜ್ಜಿಕೊಂಡರು.