ಕಾಕುವಿನ ನಾರ್ಮಲ್ ಮೊಣಕಾಲು

ತಾರ್ನಾಕ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ, ನಾವೆಲ್ಲ ಕಾಕು ಎನ್ನುತ್ತಿದ್ದ ಮುದುಕಿ ಮೊಣಕಾಲು ನೋವಿಗೆ ಸೊಂಟ ಓರೆ ಮಾಡಿ, “ಅಯ್ಯವ್ವ” ಎನ್ನುತ್ತ ಮೆಟ್ಟಿಲಿಳಿಯುತ್ತಿದ್ದರು. ಬೆರಳ ಗೆಣ್ಣುಗಳು ಊದಿ, ಅವರು ರೊಟ್ಟಿ ಬಡಿಯುವುದೇ ನಿಂತುಹೋಗಿತ್ತು. ಡಾಕ್ಟರಿಗೆ ತೋರಿಸೋಣವೆಂದರೆ ಯಾವಾಗಲೋ ಮಾಡಿಸಿದ ರಕ್ತದ ರಿಪೋರ್ಟನ್ನು ಮುಖದ ಮುಂದೆ ಬೀಸುತ್ತಿದ್ದರು: “ರಕ್ತ ನಾರ್ಮಲ್ ಐತಲೇ!”

ಕಾಲ್ ಸೆಂಟರಿನಲ್ಲಿ ದಿನವಿಡೀ ಅಮೆರಿಕದವನಂತೆ ನಟಿಸಿ ಬರುವ ನನಗೆ ಒಂದು ದಿನ ತಲೆಕೆಟ್ಟು, ಅವರೆದುರೇ ಥೇಟ್ ಅವರಂತೆ ಮೆಟ್ಟಿಲಿಳಿದೆ. ಕಾಕು ನಗಲಿಲ್ಲ.

“ಹಿಂಗ ನಡಿತೀನೇನಲೇ ನಾ?” ಎಂದು ಚಪ್ಪಲಿ ಮೆಟ್ಟಿ ನನ್ನೊಂದಿಗೆ ಆಸ್ಪತ್ರೆಗೆ ಹೊರಟರು.

ಡಾಕ್ಟರು ಮೊಣಕಾಲಿನ ಎಕ್ಸ್-ರೇ ನೋಡಿ, ಮೂಳೆಗಳ ನಡುವಿನ ಮೆತ್ತನೆಯ ಪದರ ಸವೆದಿದೆ, ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ ಎಂದರು.

ಕಾಕು ನನ್ನತ್ತ ತಿರುಗಿದರು: “ನನ್ನ ರಕ್ತ ನಾರ್ಮಲ್ ಐತಿ. ಈ ಫೋಟೋ ನಿಂದ ಇರಬೇಕು, ಹಂಗ ಕುಂಟಾಂವ ನೀನ!”