ವಾಸನೆ ಇಲ್ಲದ ಬಂಗುಡೆ

ಕೊರೊನಾದ ಎರಡನೇ ಅಲೆಯಲ್ಲಿ ಮಾರುಕಟ್ಟೆ ತೆರೆಯಲು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅನುಮತಿ. ಜನ ಗುಂಪು ಸೇರಬಾರದಂತೆ! ಮೊದಲು ಇಡೀ ದಿನ ಒಬ್ಬೊಬ್ಬರಾಗಿ ಬರುತ್ತಿದ್ದ ಕಾಪುವಿನ ಗಿರಾಕಿಗಳೆಲ್ಲ ಆ ನಾಲ್ಕು ಗಂಟೆಯೊಳಗೆ ನನ್ನ ಅಮ್ಮನ ಮೀನಿನ ಬುಟ್ಟಿಯ ಮೇಲೆ ಮುಗಿಬೀಳುತ್ತಿದ್ದರು. ಯಾವ ಬುದ್ಧಿವಂತನ ತಲೆಗೆ ಹೊಳೆದ ಉಪಾಯವೋ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮನಿಗೆ ಒಂದು ಡೋಸ್ ಲಸಿಕೆ ಆಗಿತ್ತು. ಎರಡನೆಯದಕ್ಕಾಗಿ ಮೂರು ಸಲ ಮಲ್ಪೆ ಬಂದರಿನ ಮೀನಿನ ಏಲಂ ಬಿಟ್ಟು ಶಾಲೆಯ ಅಂಗಳದಲ್ಲಿ ಕ್ಯೂ ನಿಂತಳು. ಮೂರು ಸಲವೂ ಒಂದೇ ಉತ್ತರ: “ಸ್ಟಾಕ್ ಇಲ್ಲ, ನಾಳೆ ಬನ್ನಿ.” ನಾಲ್ಕನೆಯ ಸಲ ಹೊರಡಿಸಿದರೆ ನನ್ನ ಮೇಲೆಯೇ ರೇಗಿದಳು.

“ನಾನು ಮೀನು ಮಾರುವುದಾ, ಕ್ಯೂ ನಿಲ್ಲುವುದಾ? ಒಂದು ಚುಚ್ಚಿಸಿಕೊಂಡದ್ದು ಉಂಟಲ್ಲ, ಸಾಕು ಮಾರಾಯ್ತಿ.”

ಮಣಿಪಾಲದ ಆಫೀಸಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದ ನಾನು ದೊಡ್ಡ ಭಾಷಣ ಮಾಡಿದೆ. ವೈರಸ್ ರೂಪ ಬದಲಿಸಿದೆ, ಈ ಸಲದ್ದು ಬೇಗ ಹರಡುತ್ತದೆ, ಇದಕ್ಕೆ ಒಂದು ಡೋಸ್ ಸಾಲದು ಎಂದೆ. ಗೋಡೆಗೆ ಹೇಳಿದಂತಾಯಿತು.

ಒಂದು ದಿನ ಮಾರುಕಟ್ಟೆಯಿಂದ ಬಂದವಳೇ ಉಳಿದ ಬಂಗುಡೆ ಮೀನನ್ನು ಎತ್ತಿ ತೋರಿಸಿದಳು. “ಎಷ್ಟು ಒಳ್ಳೆಯದುಂಟು ನೋಡು. ಸ್ವಲ್ಪವೂ ವಾಸನೆ ಇಲ್ಲ.” ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೂಂ ಎಂದೆ. ಮೂವತ್ತು ವರ್ಷ ಮೂಗನ್ನು ನಂಬಿ ಮೀನು ಆರಿಸಿದವಳ ಮಾತಲ್ಲವೇ?

ಮರುದಿನ ಗಿರಾಕಿಯೊಬ್ಬರು ಮೀನು ವಾಪಸು ತಂದರಂತೆ. “ಎಂತ ಅಕ್ಕಾ, ಇದು ಹಾಳಾಗಿದೆಯಲ್ಲ?” ಅಮ್ಮ ಮಾಸ್ಕ್ ಇಳಿಸಿ ಮೂಸಿದಳಂತೆ, ಮತ್ತೊಮ್ಮೆ ಮೂಸಿದಳಂತೆ. ಪಕ್ಕದಲ್ಲಿ ಮಾರುವವರು ಆಮೇಲೆ ನನಗೆ ಹೇಳಿದ್ದು. ಆ ಸಂಜೆಯೇ ಅವಳಿಗೆ ಜ್ವರ ಬಂತು.

ರೋಗದ ಲಕ್ಷಣಗಳನ್ನು ಊರಿಗೆಲ್ಲ ಪಾಠ ಮಾಡುತ್ತಿದ್ದ ನನಗೆ, ಕಣ್ಣೆದುರಿನ ಲಕ್ಷಣ ಮೀನಿನ ಗುಣವಾಗಿ ಕಂಡಿತ್ತು. ಸರ್ಕಾರವನ್ನು ಬೈಯಬಹುದು, ಲಸಿಕೆ ಕೇಂದ್ರವನ್ನು ಬೈಯಬಹುದು. ಇದಕ್ಕೆ ಯಾರನ್ನು ಬೈಯಲಿ?

ಅಮ್ಮ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಕೆಲವು ತಿಂಗಳ ನಂತರ ಎರಡನೇ ಡೋಸ್ ಸಿಕ್ಕಿತು, ಅದೂ ಕ್ಯೂ ಇಲ್ಲದೆ! ವೈರಸ್ ಇನ್ನೊಂದು ರೂಪದಲ್ಲಿ ಬಂದು ನಮ್ಮ ಓಣಿಯನ್ನೆಲ್ಲ ಹಿಡಿದಾಗ ಅಮ್ಮನಿಗೆ ಎರಡು ದಿನ ನೆಗಡಿಯಾಗಿ ಹೋಯಿತು. ಆದರೆ ಅವಳ ಮೂಗಿನಿಂದ ಹೋದ ವಾಸನೆ ಮಾತ್ರ ತಿರುಗಿ ಬರಲಿಲ್ಲ.

ಕಾಲೇಜಿಗೆ ಹೋಗುವಾಗ ಮೈಗೆ ಮೀನಿನ ವಾಸನೆ ಹತ್ತೀತೆಂದು ಅವಳ ಬುಟ್ಟಿಯಿಂದ ದೂರ ನಿಲ್ಲುತ್ತಿದ್ದವಳು ನಾನು. ಈಗ ಆಫೀಸಿಗೆ ಹೊರಡುವ ಮೊದಲು ದಿನವೂ ಅವಳೊಂದಿಗೆ ಮಲ್ಪೆಗೆ ಹೋಗುತ್ತೇನೆ. ಏಲಂ ಶುರುವಾಗುವ ಮುಂಚೆ ಅಮ್ಮ ಒಂದು ಬಂಗುಡೆ ಎತ್ತಿ ನನ್ನ ಮೂಗಿಗೆ ಹಿಡಿಯುತ್ತಾಳೆ.

“ಸರಿಯಾಗಿ ಮೂಸಿ ಹೇಳು ಮಗಾ.”

ನಾನು ಹೇಳುವವರೆಗೆ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.